ಪರರ ಸೊತ್ತಿನಲ್ಲಿ ಉಳಿತಾಯ

ನ್ಯೂಯಾರ್ಕ್ ನಗರಾಡಳಿತದಲ್ಲಿ ದುಡಿದು ನಿವೃತ್ತರಾದ ಶಿಕ್ಷಕರು, ಅಗ್ನಿಶಾಮಕರು, ಪೊಲೀಸರು, ಪೌರಕಾರ್ಮಿಕರು, ಗುಮಾಸ್ತರು ಹಾಗೂ ಅವರ ಅವಲಂಬಿತರ ಸಂಖ್ಯೆ ಸುಮಾರು ಎರಡೂವರೆ ಲಕ್ಷ. ಇವರ ಆರೋಗ್ಯ ವಿಮೆಯನ್ನು ಸರ್ಕಾರಿ ವ್ಯವಸ್ಥೆಯಿಂದ ಬಿಡಿಸಿ ಖಾಸಗಿ ಕಂಪನಿಯ ಕೈಗೆ ಒಪ್ಪಿಸಲು ನಗರಾಡಳಿತ 2021ರಿಂದ 2025ರವರೆಗೆ ಪಟ್ಟುಹಿಡಿದು ಯತ್ನಿಸಿತು. ವರ್ಷಕ್ಕೆ 60 ಕೋಟಿ ಡಾಲರ್ ಉಳಿಯುತ್ತದೆ, ಸೌಲಭ್ಯದಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂಬುದು ಅದರ ವಾದ. ಉಳಿತಾಯದ ಲೆಕ್ಕ ಕಾಗದದ ಮೇಲೆ ಸರಿಯಿತ್ತು. ಸೌಲಭ್ಯ ಕಡಿಮೆಯಾಗುವುದಿಲ್ಲ ಎಂಬ ಮಾತು ಮಾತ್ರ ಸುಳ್ಳಾಗಿತ್ತು.

ಅಮೆರಿಕದಲ್ಲಿ 65 ದಾಟಿದವರಿಗೆ ಒಕ್ಕೂಟ ಸರ್ಕಾರವೇ ನಡೆಸುವ ಆರೋಗ್ಯ ವಿಮೆ ಮೆಡಿಕೇರ್. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿ ಜಾರಿಗೆ ತಂದದ್ದು. ಇದರ ‘ಎ’ ಭಾಗ ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆ, ‘ಬಿ’ ಭಾಗ ವೈದ್ಯರ ಶುಲ್ಕ, ಪರೀಕ್ಷೆ, ಹೊರರೋಗಿ ಚಿಕಿತ್ಸೆಗಳದ್ದು. ‘ಬಿ’ ಭಾಗಕ್ಕೆ ತಿಂಗಳ ಕಂತು ಕಟ್ಟಬೇಕು. 2025ರಲ್ಲಿ ಅದು 185 ಡಾಲರ್. ಕಂತು ಕಟ್ಟಿದರೂ ಪೂರ್ತಿ ಖರ್ಚು ಸಿಗುವುದಿಲ್ಲ. ವರ್ಷದ ಮೊದಲ ಒಂದಷ್ಟು ಮೊತ್ತವನ್ನು ರೋಗಿಯೇ ಭರಿಸಬೇಕು. ಆಮೇಲೆ ಬರುವ ಪ್ರತಿ ಬಿಲ್ಲಿನಲ್ಲಿ ಮೆಡಿಕೇರ್ ಕೊಡುವುದು ನೂರಕ್ಕೆ 80. ಮೆಡಿಕೇರ್ ಒಪ್ಪಿದ ದರದಲ್ಲಿ ಒಂದು ಸಾವಿರ ಡಾಲರಿನ ಬಿಲ್ಲಾದರೆ ಇನ್ನೂರು ಡಾಲರ್ ರೋಗಿಯ ತಲೆಗೆ. ಕ್ಯಾನ್ಸರ್ ಚಿಕಿತ್ಸೆಯಂಥ ದುಬಾರಿ ವಿಷಯದಲ್ಲಿ ಈ ಇಪ್ಪತ್ತು ಪಾಲು ಲಕ್ಷ ಮುಟ್ಟಿದರೂ ಅದಕ್ಕೊಂದು ಮೇಲ್ಮಿತಿ ಇಲ್ಲ.

ಈ ಕಂದಕವನ್ನು ತುಂಬಲು ಇರುವುದೇ ಪೂರಕ ವಿಮೆ. ನ್ಯೂಯಾರ್ಕ್ ನಗರದ ನಿವೃತ್ತರಲ್ಲಿ ಬಹುಪಾಲು ಜನ ‘ಸೀನಿಯರ್ ಕೇರ್’ ಎಂಬ ಪೂರಕ ಯೋಜನೆಯಲ್ಲಿದ್ದಾರೆ. ಮೆಡಿಕೇರ್ ಬಿಟ್ಟ ಇಪ್ಪತ್ತು ಪಾಲನ್ನು ಅದು ಬಹುಮಟ್ಟಿಗೆ ತುಂಬುತ್ತದೆ, ಅದರ ಕಂತನ್ನು ನಗರವೇ ಕಟ್ಟುತ್ತದೆ. 2022ರ ಹೊತ್ತಿಗೆ ಅದು ತಲೆಗೆ ತಿಂಗಳಿಗೆ ಹತ್ತಿರಹತ್ತಿರ ಇನ್ನೂರು ಡಾಲರ್ ಆಗಿತ್ತು. ಮೇಲಾಗಿ ‘ಬಿ’ ಭಾಗದ ಕಂತನ್ನೂ ನಗರ ಮರಳಿಸುತ್ತದೆ. ಇದು ಯಾರೋ ಮೇಯರ್ ಖುಷಿಗೆ ಕೊಟ್ಟ ಇನಾಮಲ್ಲ. ನಗರದ ಆಡಳಿತ ಸಂಹಿತೆಯ 12-126ನೇ ಕಲಂ 1967ರಿಂದಲೂ ಹೇಳುವುದು ಇಷ್ಟು: ನೌಕರರು, ನಿವೃತ್ತರು ಮತ್ತು ಅವಲಂಬಿತರ ಆರೋಗ್ಯ ವಿಮೆಯ ಪೂರ್ತಿ ವೆಚ್ಚ ನಗರದ್ದು, ‘ಹಿಪ್’ ಎಂಬ ಗೊತ್ತಾದ ಯೋಜನೆಯ ವೆಚ್ಚ ಅದಕ್ಕೆ ಗರಿಷ್ಠ ಮಿತಿ. ಖಾಸಗಿ ಕಂಪನಿಗಳಲ್ಲಿ ಹೆಚ್ಚು ಸಂಬಳ ಸಿಗುತ್ತಿದ್ದ ಕಾಲದಲ್ಲೂ ಕಡಿಮೆ ಸಂಬಳದ ನಗರದ ನೌಕರಿಗೆ ಜನ ಅಂಟಿಕೊಂಡದ್ದಕ್ಕೆ ಪಿಂಚಣಿಯಂತೆಯೇ ಈ ವಿಮೆಯೂ ಕಾರಣ. ಆಗ ಕೈಗೆ ಬಾರದ ಸಂಬಳದ ಒಂದು ಭಾಗವೇ ಈಗ ವಿಮೆಯಾಗಿ ಬರುತ್ತಿದೆ. ಕೋಟ್ಯಂತರ ಡಾಲರಿನ ಆಯವ್ಯಯವನ್ನು ಸರಿದೂಗಿಸುವವರಿಗೆ ಈ ಸರಳ ಸಂಗತಿ ಮರೆತುಹೋಗುವುದು ಸೋಜಿಗ.

ವಿವಾದದ ಬೇರು 2018ರ ಒಪ್ಪಂದದಲ್ಲಿದೆ. ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಆಡಳಿತವೂ ನಗರ ನೌಕರರ ಸಂಘಗಳ ಒಕ್ಕೂಟವಾದ ಮುನಿಸಿಪಲ್ ಲೇಬರ್ ಕಮಿಟಿಯೂ ಕೂತು, ಆರೋಗ್ಯ ವೆಚ್ಚದಲ್ಲಿ ವರ್ಷಕ್ಕೆ 60 ಕೋಟಿ ಡಾಲರ್ ಉಳಿಸುವುದೆಂದು ಮಾತಾಡಿಕೊಂಡವು. ಸೇವೆಯಲ್ಲಿರುವವರ ವಿಮೆಗೆ ಕೈಹಾಕಿದರೆ ಸಂಘದ ಚುನಾವಣೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಉಳಿದವರು ನಿವೃತ್ತರು. 2021ರ ಜುಲೈನಲ್ಲಿ ಕಮಿಟಿ ಮತ ಹಾಕಿ, ನಿವೃತ್ತರನ್ನೆಲ್ಲ ‘ಮೆಡಿಕೇರ್ ಅಡ್ವಾಂಟೇಜ್’ಗೆ ಸಾಗಿಸಲು ಒಪ್ಪಿತು. ಕಮಿಟಿಯ ಮತಕ್ಕೆ ತೂಕ ಸದಸ್ಯಬಲದ ಲೆಕ್ಕದಲ್ಲಿ. ಶಿಕ್ಷಕರ ಸಂಘ ಯುಎಫ್‌ಟಿ ಮತ್ತು ಡಿಸ್ಟ್ರಿಕ್ಟ್ ಕೌನ್ಸಿಲ್ 37 ಎಂಬ ಎರಡು ದೊಡ್ಡ ಸಂಘಗಳು ಹೂಂ ಎಂದರೆ ಉಳಿದವರ ಮಾತಿಗೆ ಬೆಲೆಯಿಲ್ಲ. ಆ ಮೇಜಿನ ಮುಂದೆ ನಿವೃತ್ತರಿಗೆ ಕುರ್ಚಿಯೇ ಇರಲಿಲ್ಲ. ಖಾಸಗಿ ಉದ್ದಿಮೆಗಳ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲೇ, ನಿವೃತ್ತರು ಕಾರ್ಮಿಕ ಕಾನೂನಿನ ಅರ್ಥದಲ್ಲಿ ‘ನೌಕರ’ರಲ್ಲ, ಆದ್ದರಿಂದ ಅವರ ಸೌಲಭ್ಯ ಕಡ್ಡಾಯ ಚೌಕಾಸಿಯ ವಿಷಯವಲ್ಲ ಎಂದಿತ್ತು. ನೌಕರರಲ್ಲದವರ ಪರವಾಗಿ ಸಂಘಗಳು ಚೌಕಾಸಿ ಮಾಡಬೇಕಿಲ್ಲ ಎಂದಾದರೆ, ಅವರದ್ದನ್ನು ಮಾರಲು ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನ್ಯೂಯಾರ್ಕಿನ ಸಂಘನಾಯಕರಿಂದ ನೆಟ್ಟಗಿನ ಉತ್ತರ ಬರಲೇ ಇಲ್ಲ.

ಹಾಗಾದರೆ ಮೆಡಿಕೇರ್ ಅಡ್ವಾಂಟೇಜ್ ಎಂದರೇನು? ಹೆಸರಿನಲ್ಲಿ ಮೆಡಿಕೇರ್ ಇದ್ದರೂ ಅದನ್ನು ನಡೆಸುವುದು ಖಾಸಗಿ ವಿಮಾ ಕಂಪನಿ. ಒಬ್ಬೊಬ್ಬ ಸದಸ್ಯನಿಗೆ ತಿಂಗಳಿಗೆ ಇಷ್ಟು ಎಂದು ಒಕ್ಕೂಟ ಸರ್ಕಾರ ಕಂಪನಿಗೆ ಹಣ ಕೊಡುತ್ತದೆ. ಸದಸ್ಯನ ಕಡತದಲ್ಲಿ ಕಾಯಿಲೆಗಳು ಹೆಚ್ಚು ನಮೂದಾದಷ್ಟೂ ಈ ಮೊತ್ತ ಹೆಚ್ಚು. ಚಿಕಿತ್ಸೆಗೆ ಖರ್ಚಾಗದೆ ಉಳಿದದ್ದರಲ್ಲಿ ಕಂಪನಿಗೆ ಲಾಭ. ಕಾಯಿಲೆ ಬರೆದಷ್ಟೂ ಆದಾಯ, ಚಿಕಿತ್ಸೆ ತಡೆದಷ್ಟೂ ಉಳಿತಾಯ ಎಂಬ ಈ ಏರ್ಪಾಡಿನಲ್ಲಿ ನಗರ ತನ್ನ ಬೊಕ್ಕಸದಿಂದ ಪೂರಕ ವಿಮೆಯ ಕಂತು ಕಟ್ಟಬೇಕಾಗಿಲ್ಲ. 60 ಕೋಟಿ ಹುಟ್ಟುವುದು ಇಲ್ಲಿಂದ. ಹಾಗೆಂದು ದೇಶಕ್ಕೆ ಇದು ಅಗ್ಗವೂ ಅಲ್ಲ. ಅದೇ ಜನ ಮೂಲ ಮೆಡಿಕೇರಿನಲ್ಲಿದ್ದಿದ್ದರೆ ಆಗುತ್ತಿದ್ದುದಕ್ಕಿಂತ 2024ರಲ್ಲಿ ಶೇ 22ರಷ್ಟು, ಅಂದರೆ ಸುಮಾರು 8,300 ಕೋಟಿ ಡಾಲರ್ ಹೆಚ್ಚು ಹಣ ಈ ಕಂಪನಿಗಳಿಗೆ ಹೋಗುತ್ತಿದೆ ಎಂದು ಅಮೆರಿಕದ ಸಂಸತ್ತಿಗೆ ಸಲಹೆ ಕೊಡುವ ಮೆಡ್‌ಪ್ಯಾಕ್ ಆಯೋಗವೇ ಅಂದಾಜು ಮಾಡಿತ್ತು. ನಗರದ ಉಳಿತಾಯವೆಂದರೆ ಹೊರೆಯನ್ನು ನಗರದ ಹೆಗಲಿನಿಂದ ದೇಶದ ತೆರಿಗೆದಾರರ ಹೆಗಲಿಗೆ ದಾಟಿಸಿದ್ದಷ್ಟೇ.

ರೋಗಿಗೆ ವ್ಯತ್ಯಾಸ ತಟ್ಟುವುದು ಪೂರ್ವಾನುಮತಿಯಲ್ಲಿ. ಮೂಲ ಮೆಡಿಕೇರಿನಲ್ಲಿ ಮೆಡಿಕೇರ್ ಸ್ವೀಕರಿಸುವ ಯಾವುದೇ ವೈದ್ಯರ ಬಳಿ, ದೇಶದ ಯಾವ ಮೂಲೆಯಲ್ಲಾದರೂ ಹೋಗಬಹುದು. ವೈದ್ಯರು ಬೇಕೆಂದ ಚಿಕಿತ್ಸೆಗೆ ಬಹುಮಟ್ಟಿಗೆ ಯಾರನ್ನೂ ಕೇಳಬೇಕಿಲ್ಲ. ಅಡ್ವಾಂಟೇಜಿನಲ್ಲಿರುವ, ಜಾರಿ ಬಿದ್ದು ಸೊಂಟ ಮುರಿದುಕೊಂಡ ಎಂಬತ್ತರ ಮುದುಕಿಯ ಪಾಡು ನೋಡಬೇಕು. ಶಸ್ತ್ರಚಿಕಿತ್ಸೆಯಾದ ಮೇಲೆ ನಡೆದಾಡುವಂತಾಗಲು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಎಂದು ವೈದ್ಯರು ಬರೆಯುತ್ತಾರೆ. ಆ ಕಾಗದ ಕಂಪನಿಗೆ ಹೋಗುತ್ತದೆ. ಮುದುಕಿಯ ಮುಖವನ್ನೇ ಕಾಣದವರೊಬ್ಬರು ಅದನ್ನು ಕಂಪನಿಯ ಮಾನದಂಡದ ಪಟ್ಟಿಗೆ ಹೋಲಿಸುತ್ತಾರೆ. ಮನೆಗೇ ಬಂದು ವ್ಯಾಯಾಮ ಮಾಡಿಸಿದರೆ ಸಾಕು ಎಂದು ಉತ್ತರ ಬರಬಹುದು. ಸೇರಿಸಿದರೂ ಹತ್ತಾರು ದಿನಗಳಲ್ಲಿ ‘ಇನ್ನು ಹಣ ಕೊಡುವುದಿಲ್ಲ’ ಎಂಬ ನೋಟಿಸು ಬರಬಹುದು. ಮೇಲ್ಮನವಿಗೆ ಅವಕಾಶವಿದೆ ನಿಜ, ಆದರೆ ಅದನ್ನು ಬರೆಯಬೇಕಾದವರು ಹಾಸಿಗೆಯಲ್ಲಿ ಮಲಗಿರುವವರು. ಇದು ವಿರೋಧಿಗಳು ಕಟ್ಟಿದ ಭಯವಲ್ಲ. ಒಕ್ಕೂಟ ಸರ್ಕಾರದ ಆರೋಗ್ಯ ಇಲಾಖೆಯ ಮಹಾ ತನಿಖಾಧಿಕಾರಿಯ ಕಚೇರಿ 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಕಂಪನಿಗಳು ತಿರಸ್ಕರಿಸಿದ ಪೂರ್ವಾನುಮತಿ ಕೋರಿಕೆಗಳಲ್ಲಿ ಶೇ 13ರಷ್ಟು ಮೆಡಿಕೇರ್ ನಿಯಮಕ್ಕೆ ಒಳಪಟ್ಟೇ ಇದ್ದವು. ಮೂಲ ಮೆಡಿಕೇರಿನಲ್ಲಿ ಅವು ಮಂಜೂರಾಗುತ್ತಿದ್ದವು ಎಂದರ್ಥ. ‘ಸೌಲಭ್ಯ ಅದೇ’ ಎನ್ನುವವರು ಉತ್ತರಿಸಬೇಕಾದ್ದು ಈ ಹದಿಮೂರಕ್ಕೆ.

ನಗರಾಡಳಿತದ ಪರವಾಗಿಯೂ ಹೇಳುವುದುಂಟು. ಆಸ್ಪತ್ರೆಗಳ ದರ ಏರುತ್ತಲೇ ಇದೆ; ನಗರ ಮತ್ತು ಸಂಘಗಳು ಸೇರಿ ನಡೆಸುವ ವಿಮಾ ಸ್ಥಿರೀಕರಣ ನಿಧಿ ಬರಿದಾಗುತ್ತಿತ್ತು. ಆದರೆ ಬರಿದಾದದ್ದು ನಿವೃತ್ತರಿಂದಲೇ ಅಲ್ಲ. 2014ರಲ್ಲಿ ಶಿಕ್ಷಕರ ಸಂಬಳ ಏರಿಕೆಗೆ ಹಣ ಹೊಂದಿಸಲು ಅದೇ ನಿಧಿಯಿಂದ ನೂರು ಕೋಟಿ ಡಾಲರ್ ತೆಗೆಯಲಾಗಿತ್ತು. ಸೇವೆಯಲ್ಲಿರುವವರ ಸಂಬಳಕ್ಕೆ ನಿಧಿ ಖಾಲಿ ಮಾಡಿ, ತುಂಬುವ ಹೊಣೆಯನ್ನು ನಿವೃತ್ತರ ಮೇಲೆ ಹೊರಿಸುವುದು ಯಾವ ನ್ಯಾಯ?

ಮೊದಲ ಯೋಜನೆ ಆಂಥೆಮ್ ಮತ್ತು ಎಂಬ್ಲೆಮ್‌ಹೆಲ್ತ್ ಕೂಟದ್ದು. ಹಳೆಯ ಸೀನಿಯರ್ ಕೇರ್‌ನಲ್ಲೇ ಉಳಿಯಬೇಕೆಂದರೆ ತಲೆಗೆ ತಿಂಗಳಿಗೆ 191 ಡಾಲರ್ ಕೈಯಿಂದ ಕಟ್ಟಬೇಕು, ಅಂದರೆ ಗಂಡಹೆಂಡತಿಗೆ ವರ್ಷಕ್ಕೆ 4,584 ಡಾಲರ್. ಆಯ್ಕೆ ಎಂಬ ಹೆಸರಿನ ದಂಡ ಇದು. ಅಗ್ನಿಶಾಮಕ ಇಲಾಖೆಯ ತುರ್ತು ವೈದ್ಯಕೀಯ ಸೇವೆಯಿಂದ ನಿವೃತ್ತರಾದ ಮೇರಿಯಾನ್ ಪಿಟ್ಸಿಟೋಲಾ ಅವರ ಮುಂದಾಳತ್ವದಲ್ಲಿ ನಿವೃತ್ತರು ತಮ್ಮದೇ ಸಂಘಟನೆ ಕಟ್ಟಿ ಕೋರ್ಟಿಗೆ ಹೋದರು. 12-126ನೇ ಕಲಮಿನ ಪ್ರಕಾರ ಆ 191 ಡಾಲರ್ ಕೇಳುವಂತಿಲ್ಲ ಎಂದು ನ್ಯಾಯಾಧೀಶ ಲೈಲ್ ಫ್ರಾಂಕ್ 2022ರ ಮಾರ್ಚ್‌ನಲ್ಲಿ ತೀರ್ಪಿತ್ತರು. ಜುಲೈನಲ್ಲಿ ಆಂಥೆಮ್ ಹಿಂದೆ ಸರಿಯಿತು. ಮೇಯರ್ ಎರಿಕ್ ಆ್ಯಡಮ್ಸ್ ಆಡಳಿತ ಕಲಮನ್ನೇ ತಿದ್ದಿಕೊಡಿ ಎಂದು ನಗರ ಮಂಡಳಿಯ ಮೊರೆ ಹೋಯಿತು. 2023ರ ಜನವರಿಯಲ್ಲಿ ವಿಚಾರಣೆ ನಡೆಯಿತು, ಮಂಡಳಿ ತಿದ್ದಲಿಲ್ಲ.

ಆಗ ಬಂದದ್ದು ಎರಡನೆಯ, ಇನ್ನೂ ಬಿಗಿಯಾದ ಯೋಜನೆ. ಎಟ್ನಾ ಕಂಪನಿಯೊಂದಿಗೆ ಐದು ವರ್ಷದ ಕರಾರು. ಈ ಸಲ ಸೀನಿಯರ್ ಕೇರ್ ಅನ್ನೇ ಕೊನೆಗೊಳಿಸುವುದು, 2023ರ ಸೆಪ್ಟೆಂಬರ್ 1ರಿಂದ ಎಲ್ಲರನ್ನೂ ತಾನಾಗಿ ಎಟ್ನಾಕ್ಕೆ ದಾಖಲಿಸುವುದು. ದುಡ್ಡು ಕಟ್ಟಿ ಉಳಿಯುವ ದಾರಿಯೂ ಇಲ್ಲ. ಫ್ರಾಂಕ್ ಇದನ್ನೂ ತಡೆದರು, 2024ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ತೀರ್ಪನ್ನು ಎತ್ತಿಹಿಡಿಯಿತು. ಅದೇ ವರ್ಷದ ಜೂನ್‌ನಲ್ಲಿ ಯುಎಫ್‌ಟಿಯ ನಿವೃತ್ತರ ಘಟಕದ ಚುನಾವಣೆಯಲ್ಲಿ ನಾಯಕತ್ವದ ಬಣ ಸೋತಿತು. ಸೋತ ಕೆಲವೇ ದಿನಗಳಲ್ಲಿ ಸಂಘದ ಅಧ್ಯಕ್ಷ ಮೈಕೆಲ್ ಮಲ್‌ಗ್ರೂ ಈ ಯೋಜನೆಗೆ ಕೊಟ್ಟಿದ್ದ ಬೆಂಬಲ ವಾಪಸು ಪಡೆದರು. ಮೂರು ವರ್ಷದ ಅಹವಾಲಿಗೆ ಕೇಳಿಸದ ಕಿವಿ ಒಂದು ಮತಪೆಟ್ಟಿಗೆಗೆ ಕೇಳಿಸಿತು.

191 ಡಾಲರಿನ ಮೊದಲ ಪ್ರಕರಣದಲ್ಲಿ ರಾಜ್ಯದ ಅತ್ಯುಚ್ಚ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್ಸ್ 2024ರ ಕೊನೆಯಲ್ಲಿ ನಿವೃತ್ತರ ಪರ ನಿಂತಿತು. ಎಟ್ನಾ ಪ್ರಕರಣದಲ್ಲಿ ಮಾತ್ರ ಅದು 2025ರ ಜೂನ್‌ನಲ್ಲಿ ಒಮ್ಮತದಿಂದ ನಗರದ ಪರ ತೀರ್ಪಿತ್ತಿತು. ವರ್ಷಗಳಿಂದ ನೌಕರರಿಗೆ ಹಂಚುತ್ತ ಬಂದ ಕೈಪಿಡಿಗಳಲ್ಲಿ, ನಿವೃತ್ತರಿಗೆ ಮೆಡಿಕೇರ್ ಮೊದಲ ಆಸರೆ, ನಗರದ ವಿಮೆ ಅದಕ್ಕೆ ಪೂರಕ ಎಂದು ಬರೆದಿತ್ತು. ಅದು ಆಗಿನ ಸೌಲಭ್ಯದ ವಿವರಣೆಯೇ ಹೊರತು ಜೀವಮಾನದ ಸ್ಪಷ್ಟ ವಾಗ್ದಾನವಲ್ಲ ಎಂದಿತು ಕೋರ್ಟು. ಕಾನೂನಿನ ಕಣ್ಣಿಗೆ ಇದು ಸರಿಯಿರಬಹುದು. ಆದರೆ ಮೂವತ್ತು ವರ್ಷ ಕಸದ ಲಾರಿಯ ಹಿಂದೆ ನಿಂತವನು ಕೈಪಿಡಿ ಓದುವುದು ವಕೀಲನ ಕಣ್ಣಿನಿಂದಲ್ಲ. ಬರೆದವರಿಗೂ ಅದು ಗೊತ್ತಿತ್ತು.

ಗೆದ್ದ ಕೆಲವೇ ದಿನಗಳಲ್ಲಿ, ಚುನಾವಣೆಯ ವರ್ಷದಲ್ಲಿ, ಎಟ್ನಾ ಯೋಜನೆಯನ್ನು ಮುಂದುವರಿಸುವುದಿಲ್ಲ ಎಂದು ಆ್ಯಡಮ್ಸ್ ಪ್ರಕಟಿಸಿದರು. ಉಳಿತಾಯಕ್ಕೆ ಬೇರೆ ದಾರಿಗಳು ಸಿಕ್ಕಿವೆ ಎಂಬ ಕಾರಣವನ್ನೂ ಕೊಟ್ಟರು. ಬೇರೆ ದಾರಿ ಇದ್ದದ್ದು ನಿಜ. ಸೇವೆಯಲ್ಲಿರುವವರ ಮತ್ತು 65 ತುಂಬದ ನಿವೃತ್ತರ ವಿಮೆಯನ್ನು 2026ರ ಜನವರಿಯಿಂದ ಹೊಸ ಕರಾರಿಗೆ ಒಳಪಡಿಸುವ ಒಪ್ಪಂದ ಅದೇ ವರ್ಷ ಕುದುರಿತು. ಹಾಗಿದ್ದರೆ ನಾಲ್ಕು ವರ್ಷ ಮುದುಕರನ್ನು ಕೋರ್ಟಿನಿಂದ ಕೋರ್ಟಿಗೆ ಅಲೆಸಿದ್ದೇಕೆ?

ಇದನ್ನು ನಿವೃತ್ತರ ಗೆಲುವೆಂದು ಕರೆಯುವಂತಿಲ್ಲ. ಕೋರ್ಟಿನ ಮಾತಿನ ಪ್ರಕಾರ ನಗರಕ್ಕೆ ಆ ಅಧಿಕಾರ ಈಗಲೂ ಇದೆ. ಒಬ್ಬ ಮೇಯರ್ ಅದನ್ನು ಬಳಸಲಿಲ್ಲ, ಅಷ್ಟೇ. ಇನ್ನೊಬ್ಬರು ಬಳಸಬಹುದು. ಅದನ್ನು ತಡೆಯುವ ದಾರಿ ನಗರ ಮಂಡಳಿಯ ಕೈಯಲ್ಲಿದೆ, ನಿವೃತ್ತರ ಪೂರಕ ವಿಮೆಯನ್ನು ಕಾಯುವ ಮಸೂದೆಗಳು ಅಲ್ಲಿ ಮಂಡನೆಯಾದದ್ದೂ ಉಂಟು. 12-126ನೇ ಕಲಮಿಗೆ ಮಂಡಳಿ ತಿದ್ದುಪಡಿ ತರಬೇಕು: ಮೆಡಿಕೇರ್‌ಗೆ ಅರ್ಹರಾದ ಪ್ರತಿ ನಿವೃತ್ತರಿಗೂ ಅವಲಂಬಿತರಿಗೂ ಪೂರಕ ವಿಮೆಯ ಆಯ್ಕೆಯೊಂದು ಇರಲೇಬೇಕು, ಅದರ ಕಂತು ನಗರವೇ ಕಟ್ಟಬೇಕು, ನಿವೃತ್ತರ ಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಯಾವ ಒಪ್ಪಂದವೂ ಅದನ್ನು ಕಿತ್ತುಕೊಳ್ಳುವಂತಿಲ್ಲ.