ಹೇಳದೆ ತೆರೆದ ಕಿಟಕಿ

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಕಂಡ ವಾಚಕರಿಗೆ ಒಂದು ಅನುಭವವುಂಟಷ್ಟೆ. ಬಾಗಿಲು ದಾಟಿದೊಡನೆ ದಾರಿ ಹೊರಳುತ್ತದೆ; ಹೊಕ್ಕ ಬಾಗಿಲು ಬೆನ್ನ ಹಿಂದೆ ಮರೆಯಾಗುತ್ತದೆ. ಹಗೆಯನ್ನು ತಬ್ಬಿಬ್ಬುಗೊಳಿಸಲು ಈ ಜಾಣ್ಮೆ ತಕ್ಕುದೇ ಸರಿ. ಆದರೆ ಮನೆಗೆ ಬಂದ ಅತಿಥಿಗೂ ಇದೇ ಉಪಚಾರವಾದರೆ?

ಕಳೆದ ತಿಂಗಳು ಹೊಳಲ್ಕೆರೆಯ ಬಂಧುಗಳ ಮನೆಗೆ ಹೋಗಿದ್ದೆನು. ಅಲ್ಲಿಯ ಹುಡುಗನಿಗೆ ಕಣ್ಣು ಕಾಣಿಸದು. ಎನ್‌ವಿಡಿಎ ಎಂಬ ತಂತ್ರಾಂಶವು ಗಣಕದ ಪರದೆಯ ಮೇಲಿನ ಬರಹವನ್ನು ಅವನಿಗೆ ಓದಿ ಹೇಳುತ್ತದೆ. ಅದು ಉಚಿತವಾಗಿ ದೊರೆಯುವಂಥದು, ಕನ್ನಡವನ್ನೂ ಓದಬಲ್ಲುದು. ಅಂದು ಅವನು ವಿದ್ಯಾರ್ಥಿವೇತನದ ಅರ್ಜಿಯನ್ನು ಅರ್ಧ ತುಂಬಿ, ನಿಯಮಗಳನ್ನು ತಿಳಿಯಲು ಅಲ್ಲಿದ್ದ ಲಿಂಕನ್ನು ಒತ್ತಿದನು. ನಿಯಮಗಳು ಬೇರೊಂದು ಕಿಟಕಿಯಲ್ಲಿ ತೆರೆದುವು. ಹಾಗೆಂದು ಮುಂದಾಗಿ ತಿಳಿಸುವ ಒಂದು ಮಾತೂ ಅಲ್ಲಿರಲಿಲ್ಲ. ಓದಿಯಾದ ಮೇಲೆ ಹಿಂದಿರುಗುವ ಕೀಲಿಯನ್ನು ಎಷ್ಟು ಒತ್ತಿದರೂ ಫಲವಿಲ್ಲ. ಹೊಸ ಕಿಟಕಿಗೆ ಹಿಂದಿನ ಪುಟವೆಂಬುದೇ ಇರುವುದಿಲ್ಲ. ಗಾಬರಿಯಿಂದ ಎಲ್ಲವನ್ನೂ ಮುಚ್ಚಿಬಿಟ್ಟನು. ತುಂಬಿದುದೆಲ್ಲ ಹೋಯಿತು. “ನಾನೇ ಏನೋ ತಪ್ಪು ಮಾಡಿದೆ, ಅತ್ತೆ” ಎಂದನು. ತಪ್ಪು ಅವನದಲ್ಲ.

ಹೊಸ ಕಿಟಕಿಯೇ ಕೂಡದೆಂದು ನಾನು ಹೇಳುವುದಿಲ್ಲ. ಅರ್ಜಿ ತುಂಬುವಾಗ ನಿಯಮಗಳು ಬೇರೆಡೆ ತೆರೆದರೆ ಬರೆದುದು ಅಳಿಯದೆ ಉಳಿಯುವುದು. ಅಲ್ಲಿ ಅದು ಉಪಕಾರವೇ ಹೌದು. ಜಾಲದ ಕಟ್ಟಳೆಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ಸಂಸ್ಥೆಯು 2008ರಲ್ಲಿ ಹೊರಡಿಸಿದ ಸೂತ್ರಗಳ ಜೊತೆಗೆ ಕೊಟ್ಟಿರುವ ಸಲಹೆಯೂ ಇದೇ: ಅಗತ್ಯವಿದ್ದೆಡೆ ಮಾತ್ರ ಹೊಸ ಕಿಟಕಿ ಇರಲಿ, ಅದನ್ನು ಮೊದಲೇ ತಿಳಿಸಿರಿ. ನಮ್ಮ ದೇಶದಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಗಣಕ ಮುಂತಾದ ಸಾಧನಗಳ ಮೂಲಕ ದೊರೆಯುವ ಮಾಹಿತಿ ಇಂಥವರಿಗೂ ಎಟುಕುವಂತಿರಬೇಕೆಂದು ವಿಧಿಸಿದೆ.

ಹಿರಿಯೂರು, ಹೊಸದುರ್ಗಗಳಲ್ಲಿಯೂ ಅಂಗಡಿಗೋ ಶಾಲೆಗೋ ಜಾಲತಾಣವನ್ನು ಮಾಡಿಸುವವರಿದ್ದಾರೆ. ಅವರು ಮಾಡಿಸತಕ್ಕದ್ದು ಬಲು ಸ್ವಲ್ಪ. ಲಿಂಕಿನ ಮಾತಿನಲ್ಲಿಯೇ ‘ಹೊಸ ಕಿಟಕಿಯಲ್ಲಿ ತೆರೆಯುತ್ತದೆ’ ಎಂದು ಸೇರಿಸಿದರಾಯಿತು. ಬರಿಯ ಬಾಣದ ಚಿತ್ರವಿಟ್ಟರೆ ಸಾಲದು. ಚಿತ್ರಕ್ಕೆ ಓದಿಸಿಕೊಳ್ಳುವ ಮಾತಿನ ಬೆಂಬಲ ಬೇಕು. ಕಣ್ಣು ಮಬ್ಬಾಗಿ ಅಕ್ಷರಗಳನ್ನು ಬಹಳ ಹಿಗ್ಗಿಸಿಕೊಂಡು ಓದುವ ಹಿರಿಯರಿಗೂ ಇದರಿಂದ ಅನುಕೂಲವೇ.

ಮನೆಯವರೂ ಒಂದನ್ನು ನೆನಪಿನಲ್ಲಿಡಬಹುದು. ಹಿಂದಿರುಗುವ ಕೀಲಿ ಕೆಲಸ ಮಾಡದಿದ್ದರೆ ಎಲ್ಲವನ್ನೂ ಮುಚ್ಚಬಾರದು. ಗಣಕದಲ್ಲಿ ಕಂಟ್ರೋಲ್ ಕೀಲಿಯನ್ನೂ ಡಬ್ಲ್ಯೂ ಅಕ್ಷರವನ್ನೂ ಕೂಡಿಸಿ ಒಮ್ಮೆ ಒತ್ತಿದರೆ, ಎದುರಿಗಿರುವ ಆ ಒಂದು ಪುಟ ಮಾತ್ರ ಮುಚ್ಚುತ್ತದೆ, ಹಳೆಯದು ಉಳಿಯುತ್ತದೆ.

ಆ ಸಂಜೆ ಹುಡುಗನು ಅರ್ಜಿಯನ್ನು ಮೊದಲಿನಿಂದ ತುಂಬಿದನು. ಕಾಣದವರ ಕೈಹಿಡಿದು ನಡೆಸುವಾಗ ನಾವು “ಹೊಸ್ತಿಲಿದೆ, ಜೋಕೆ” ಎನ್ನುತ್ತೇವೆ. ಹೊಸ್ತಿಲನ್ನು ಕಿತ್ತು ಹಾಕುವುದಿಲ್ಲ, ಹೇಳುತ್ತೇವೆ, ಅಷ್ಟೆ. ಜಾಲದ ಮನೆಯಲ್ಲಿಯೂ ಅಷ್ಟು ಮಾತು ನಡೆಯಲಿ.