ಸೋರುವ ತೊಟ್ಟಿಯ ಲೆಕ್ಕ

ತೊಟ್ಟಿಗೆ ಒಂದು ನಲ್ಲಿಯಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ. ತುಂಬಲು ಎಷ್ಟು ಗಂಟೆ ಬೇಕು? ಈ ಲೆಕ್ಕವನ್ನು ನಿಮ್ಮಲ್ಲಿ ಅನೇಕರಿಗೆ ನಾನೇ ಕಲಿಸಿದ್ದೇನೆ. "ಹೋಗುವ ನಲ್ಲಿಯನ್ನು ಮೊದಲು ನಿಲ್ಲಿಸಬಾರದೇ ಸಾರ್?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿದರೆ ಗದರಿ ಕೂರಿಸುತ್ತಿದ್ದೆ. ಸರಿಯಾದ ಪ್ರಶ್ನೆ ಅದೇ ಆಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

2023ರ ಬೇಸಿಗೆಯಲ್ಲಿ, ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ ಈಜುಕೊಳದ ನೀರು ದಿನಕ್ಕೆ 3 ಸೆಂಟಿಮೀಟರ್ ಇಳಿಯತೊಡಗಿತು. ಬಿಸಿಲಿನ ಪ್ರತಾಪವೆಂದು ನಿರ್ಣಯಿಸಿದ ಸಮಿತಿಯವರು ಟ್ಯಾಂಕರ್ ತರಿಸುತ್ತ ಹೋದರು. ನಾನು ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟೆ. ಒಂದು ದಿನದಲ್ಲಿ ಅದರಲ್ಲಿ ಇಳಿದದ್ದು ಅರ್ಧ ಸೆಂಟಿಮೀಟರ್. ಸೂರ್ಯನು ಬಕೆಟ್ಟಿಗೊಂದು ನ್ಯಾಯ, ಕೊಳಕ್ಕೊಂದು ನ್ಯಾಯ ಮಾಡುವವನಲ್ಲ. 12 ಮೀಟರ್ ಉದ್ದ, 5 ಮೀಟರ್ ಅಗಲದ ಕೊಳದಲ್ಲಿ ಮಿಕ್ಕ ಎರಡೂವರೆ ಸೆಂಟಿಮೀಟರ್ ಎಂದರೆ ದಿನಕ್ಕೆ 1,500 ಲೀಟರ್ ನೀರು!

ಕಳ್ಳ ಸಿಕ್ಕಿದ್ದು ಮರಳಿನ ಫಿಲ್ಟರಿಗೆ ಜೋಡಿಸಿದ ಮಲ್ಟಿಪೋರ್ಟ್ ವಾಲ್ವಿನಲ್ಲಿ. ಒಂದೇ ಹಿಡಿಕೆಯನ್ನು ತಿರುಗಿಸಿ ನೀರನ್ನು ಸೋಸಬಹುದು, ಮರಳನ್ನು ತೊಳೆಯಬಹುದು, ನೀರನ್ನು ಹೊರಕ್ಕೂ ಬಿಡಬಹುದು. ಒಳಗೆ ಗಾಡಿಚಕ್ರದ ಅರಗಳಂತಿರುವ ರಬ್ಬರಿನ ಗ್ಯಾಸ್ಕೆಟ್ ಈ ದಾರಿಗಳನ್ನು ಬೇರ್ಪಡಿಸುತ್ತದೆ. ಪಂಪ್ ಓಡುತ್ತಿರುವಾಗಲೇ ಹಿಡಿಕೆ ತಿರುಗಿಸಿದರೆ, ನೀರಿನ ಒತ್ತಡಕ್ಕೆ ಅದು ಕಿತ್ತುಬರಬಹುದು. ಆಮೇಲೆ ಹಿಡಿಕೆ ಸೋಸುವ ಸ್ಥಾನದಲ್ಲಿದ್ದರೂ ನೀರು ನುಸುಳಿ, ನೆಲದಡಿಯ ಕೊಳವೆಯಿಂದ ಚರಂಡಿ ಸೇರುತ್ತದೆ. ಯಾರ ಕಣ್ಣಿಗೂ ಬೀಳದು.

ಪಂಪ್ ನಿಲ್ಲಿಸಿ, ಮುಚ್ಚಳ ಬಿಚ್ಚಿ, ಹೊಸ ಗ್ಯಾಸ್ಕೆಟ್ ಕೂರಿಸಿದ್ದಕ್ಕೆ ಒಂದು ಬೆಳಗ್ಗೆ ಸಾಕಾಯಿತು. ಆದರೆ ಸಮಿತಿಯವರು ಅಷ್ಟಕ್ಕೆ ನಿಲ್ಲದೆ, ಕೊಳ ನೋಡಿಕೊಳ್ಳುವ ಹುಡುಗನ ಸಂಬಳದಲ್ಲಿ ಟ್ಯಾಂಕರಿನ ಹಣ ಮುರಿದುಕೊಂಡರು.

"ಪಂಪ್ ನಿಲ್ಲಿಸಿ ತಿರುಗಿಸಬೇಕೆಂದು ಯಾರಾದರೂ ಹೇಳಿದ್ದರೇನಪ್ಪಾ?" ಎಂದು ಕೇಳಿದೆ. "ಇಲ್ಲ ಸಾರ್. ತಿರುಗಿಸು ಅಂದರು, ತಿರುಗಿಸಿದೆ" ಎಂದ. ಎಚ್ಚರಿಕೆಯ ಮಾತು ವಾಲ್ವಿನ ಮುಚ್ಚಳದ ಮೇಲೆಯೇ ಇತ್ತು, ಇಂಗ್ಲಿಷಿನಲ್ಲಿ. ಹುಡುಗನಿಗೆ ಓದಲು ಬರುವುದು ಕನ್ನಡ ಮಾತ್ರ.

ಅಜಾಗರೂಕತೆಗೆ ದಂಡ ಬೇಡವೇ ಎಂದು ಸಮಿತಿಯ ಹಿರಿಯರೊಬ್ಬರು ನನ್ನನ್ನೇ ಕೇಳಿದರು. ಪಾಠ ಮಾಡದೆ ಪರೀಕ್ಷೆ ಇಟ್ಟು ನಪಾಸು ಮಾಡುವ ಮೇಷ್ಟರನ್ನು ತಾವು ಒಪ್ಪುವಿರಾ ಎಂದೆ. ಬಿಸಿಲೆಂದು ನಂಬಿ ವಾರಗಟ್ಟಲೆ ನೀರು ಸುರಿದವರದು ಅಜಾಗರೂಕತೆಯಲ್ಲವೇ? ಅವರಿಗೆ ದಂಡವೆಲ್ಲಿ? 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದಾಗ, ಅನ್ಯಾಯವೆಂದು ಗೊಣಗಿದವರೂ ಇವರೇ.

ನಿಮ್ಮಲ್ಲಿ ಹಲವರು ಇಂದು ಇಂಥ ಸಮಿತಿಗಳಲ್ಲಿದ್ದೀರಿ. ಕೆಲಸ ಹೇಳುವ ಮುನ್ನ ಕೆಲಸ ಕಲಿಸಿರಿ; ಕಲಿಸದಿದ್ದರೆ ದಂಡ ಹಾಕುವ ಹಕ್ಕು ನಿಮಗಿಲ್ಲ. "ಪಂಪ್ ನಿಲ್ಲಿಸಿದ ಮೇಲೆಯೇ ತಿರುಗಿಸಿ" ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ವಾಲ್ವಿನ ಪಕ್ಕ ತೂಗುಹಾಕಿ ಬಂದಿದ್ದೇನೆ. ಹುಡುಗನ ಹಣ ಮಾತ್ರ ಇನ್ನೂ ಅವನ ಕೈ ಸೇರಿಲ್ಲ.