ನಂಬಿಕೆ ಇಲ್ಲದವರ ನಡುವಿನ ಒಪ್ಪಂದ

ಕ್ಯಾಂಪಸ್ ಸಂದರ್ಶನಕ್ಕೆ ಸಿದ್ಧರಾಗುವವರ ಬಯೊಡೇಟಾದಲ್ಲಿ ಈಗ ‘ಕ್ಲೌಡ್’ ಎಂಬ ಪದ ಇರಲೇಬೇಕು. ಯಾವ ಬಟನ್ ಒತ್ತಿದರೆ ಯಾವ ಸರ್ವರ್ ಶುರುವಾಗುತ್ತದೆ ಎಂದು ಹೇಳಿಕೊಡುವ ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ಹಣ ಸುರಿಯುತ್ತೇವೆ. ಪರೀಕ್ಷೆಗೆ ಟೈಪ್-1, ಟೈಪ್-2 ಹೈಪರ್‌ವೈಸರ್‌ಗಳ ವ್ಯತ್ಯಾಸವನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಹೈಪರ್‌ವೈಸರ್ ಮತ್ತು ಅದರೊಳಗೆ ಓಡುವ ‘ಗೆಸ್ಟ್’ ಆಪರೇಟಿಂಗ್ ಸಿಸ್ಟಂ ಪರಸ್ಪರ ಹೇಗೆ ಮಾತನಾಡುತ್ತವೆ? ಈ ಪ್ರಶ್ನೆ ಪಠ್ಯದಲ್ಲೂ ವಿರಳ, ಕೋರ್ಸ್‌ಗಳಲ್ಲೂ ವಿರಳ. ನನ್ನ ಪ್ರಕಾರ ನಾವು ಕಲಿಯಬೇಕಾದ ಎಂಜಿನಿಯರಿಂಗ್ ಇರುವುದೇ ಅಲ್ಲಿ.

ಹೈಪರ್‌ವೈಸರ್ ಎಂದರೆ ವಠಾರದ ಮಾಲೀಕನಿದ್ದಂತೆ. ಒಂದೇ ಕಂಪ್ಯೂಟರಿನಲ್ಲಿ ಹಲವು ಗೆಸ್ಟ್‌ಗಳಿಗೆ ಜಾಗ ಕೊಡುತ್ತದೆ. ಪ್ರತಿ ಗೆಸ್ಟ್‌ಗೂ ಇಡೀ ಯಂತ್ರ ತನ್ನದೇ ಎಂಬ ಭ್ರಮೆ. ಈ ಭ್ರಮೆ ಉಳಿಸಲು ನಿಜವಾದ ನೆಟ್‌ವರ್ಕ್ ಕಾರ್ಡನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸುವುದು ಹಳೆಯ ವಿಧಾನ. ಗೆಸ್ಟ್ ಆ ಕಾರ್ಡಿನ ರಿಜಿಸ್ಟರ್ ಮುಟ್ಟಿದಾಗಲೆಲ್ಲ ಪ್ರೊಸೆಸರ್ ಅದರ ಕೆಲಸ ನಿಲ್ಲಿಸಿ ಹೈಪರ್‌ವೈಸರ್‌ಗೆ ಹಿಡಿತ ಒಪ್ಪಿಸಬೇಕು. ಇದೇ ‘ವಿಎಂ ಎಕ್ಸಿಟ್’. ಒಂದು ಕೊಡ ನೀರು ಬೇಕಾದರೂ ಮಾಲೀಕನ ಬಾಗಿಲು ಬಡಿದಂತೆ. ಕೆಲಸಕ್ಕಿಂತ ಓಡಾಟವೇ ದುಬಾರಿ.

2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ‘ಝೆನ್’ ತಂಡ ಬೇರೊಂದು ದಾರಿಯನ್ನು ಜನಪ್ರಿಯಗೊಳಿಸಿತು. ಗೆಸ್ಟ್‌ಗೆ ನಿಜ ಹೇಳಿಬಿಡುವುದೇ ಆ ದಾರಿ. ತಾನು ಬಾಡಿಗೆದಾರ ಎಂದು ಗೊತ್ತಾದರೆ ಅದು ಮಾಲೀಕನೊಂದಿಗೆ ನೇರವಾಗಿ ವ್ಯವಹರಿಸಬಹುದು. ಆದರೆ ಒಂದೊಂದು ಹೈಪರ್‌ವೈಸರ್‌ಗೂ ಒಂದೊಂದು ಬಗೆಯ ಡ್ರೈವರ್ ಬೇಕಾಯಿತು. ಈ ಗೊಂದಲಕ್ಕೆ ಉತ್ತರವಾಗಿ ಲಿನಕ್ಸ್ ತಜ್ಞ ರಸ್ಟಿ ರಸೆಲ್ ‘ವರ್ಟ್‌ಐಒ’ ರೂಪಿಸಿದರು. 2008ರಲ್ಲಿ ಲಿನಕ್ಸ್ 2.6.24ರೊಂದಿಗೆ ಬಂದ ಅದನ್ನು ಮುಂದೆ ಓಯಸಿಸ್ ಸಂಸ್ಥೆ ಮಾನದಂಡವಾಗಿ ರೂಪಿಸಿತು. ಅದರಿಂದ ಕಲಿಯಬೇಕಾದ ಪಾಠಗಳು ಮೂರು.

ಮೊದಲನೆಯದು, ಮಾತು ಕಡಿಮೆ ಇರಲಿ. ಗೆಸ್ಟ್ ಮತ್ತು ಹೈಪರ್‌ವೈಸರ್ ಇಬ್ಬರೂ ನೋಡಬಲ್ಲ ಮೆಮೊರಿಯಲ್ಲಿ ಒಂದು ಸರದಿ ಪಟ್ಟಿ ಇರುತ್ತದೆ. ಗೆಸ್ಟ್ ಹತ್ತಾರು ಬೇಡಿಕೆಗಳನ್ನು ಅಲ್ಲಿ ಬರೆದಿಟ್ಟು ಒಮ್ಮೆ ಮಾತ್ರ ಗಂಟೆ ಬಾರಿಸುತ್ತದೆ. ಮುಗಿದ ಕೆಲಸಗಳನ್ನು ಹೈಪರ್‌ವೈಸರ್ ಅಲ್ಲೇ ಗುರುತು ಹಾಕುತ್ತದೆ. ‘ಸದ್ಯಕ್ಕೆ ಗಂಟೆ ಬಾರಿಸಬೇಡ, ನಾನೇ ನೋಡಿಕೊಳ್ಳುತ್ತೇನೆ’ ಎಂದು ಹೇಳುವ ವ್ಯವಸ್ಥೆಯೂ ಇದೆ.

ಎರಡನೆಯದು, ಮೊದಲೇ ಮಾತಾಡಿಕೊಳ್ಳಿ. ಕೆಲಸ ಆರಂಭಿಸುವ ಮುನ್ನ ಸಾಧನವು ‘ನನಗೆ ಇಷ್ಟು ಸೌಲಭ್ಯ ಗೊತ್ತು’ ಎನ್ನುತ್ತದೆ. ಗೆಸ್ಟ್ ಅದರಲ್ಲಿ ತನಗೆ ಅರ್ಥವಾಗುವುದನ್ನಷ್ಟೇ ಒಪ್ಪಿಕೊಳ್ಳುತ್ತದೆ. ಹೀಗಾಗಿ ಹೊಸ ಸೌಲಭ್ಯ ಬಂದರೂ ಹಳೆಯ ಗೆಸ್ಟ್ ಕೆಡುವುದಿಲ್ಲ.

ಮೂರನೆಯದು ಅತಿ ಮುಖ್ಯ. ಎದುರಿನವರನ್ನು ನಂಬಬೇಡಿ. 2015ರಲ್ಲಿ ಕ್ಯೂಎಮು ಎಂಬ ತಂತ್ರಾಂಶದಲ್ಲಿ ‘ವೆನಮ್’ ಎಂಬ ದೋಷ ಪತ್ತೆಯಾಯಿತು. ಗೆಸ್ಟ್ ಒಳಗಿನಿಂದಲೇ ಹೊರಗಿನ ಯಂತ್ರದ ಮೇಲೆ ದಾಳಿ ಮಾಡಲು ಅದು ದಾರಿ ಕೊಡುತ್ತಿತ್ತು. ದೋಷವಿದ್ದದ್ದು 2004ರಿಂದಲೂ ಇದ್ದ ಫ್ಲಾಪಿ ಡಿಸ್ಕ್ ಕೋಡ್‌ನಲ್ಲಿ! ಯಾರೂ ಬಳಸದ ಬಾಗಿಲಿಗೆ ಬೀಗವೂ ಇರಲಿಲ್ಲ. ಅದೇ ವರ್ಷದ ಕೊನೆಗೆ ಝೆನ್‌ನಲ್ಲಿ ಇನ್ನೊಂದು ಬಗೆಯ ಲೋಪ ಹೊರಬಿತ್ತು. ಹಂಚಿಕೊಂಡ ಮೆಮೊರಿಯನ್ನು ಒಮ್ಮೆ ಪರಿಶೀಲಿಸಿ, ಬಳಸುವಾಗ ಮತ್ತೊಮ್ಮೆ ಓದಿದರೆ, ನಡುವೆ ಎದುರಿನವರು ಅಂಕಿ ಬದಲಿಸಿರಬಹುದು. ಮೊದಲು ನಕಲು ಮಾಡಿಕೊಂಡು, ಆ ನಕಲನ್ನೇ ಪರಿಶೀಲಿಸಿ, ಅದನ್ನೇ ಬಳಸುವುದು ಇದಕ್ಕೆ ಮದ್ದು. 2018ರಲ್ಲಿ ಅಮೆಜಾನ್ ಹೊರತಂದ ‘ಫೈರ್‌ಕ್ರ್ಯಾಕರ್’ ಬೆರಳೆಣಿಕೆಯ ಸಾಧನಗಳನ್ನಷ್ಟೇ ಗೆಸ್ಟ್‌ಗೆ ತೋರಿಸುತ್ತದೆ. ಬಾಗಿಲು ಕಡಿಮೆಯಾದಷ್ಟೂ ಕಾವಲು ಸುಲಭ. ಎಎಂಡಿಯ ಎಸ್‌ಇವಿ, ಇಂಟೆಲ್‌ನ ಟಿಡಿಎಕ್ಸ್ ತಂತ್ರಜ್ಞಾನಗಳು ಬಂದ ಮೇಲಂತೂ ಗೆಸ್ಟ್ ಕೂಡ ಮಾಲೀಕನನ್ನು ಅನುಮಾನಿಸುವ ಕಾಲ ಬಂದಿದೆ.

‘ಇದೆಲ್ಲ ಸರಿ, ಕೆಲಸ ಸಿಗಲು ಟೂಲ್ ಗೊತ್ತಿರಬೇಕಲ್ಲ?’ ಎಂದು ಗೆಳೆಯರು ಕೇಳುತ್ತಾರೆ. ನಿಜ, ಗೊತ್ತಿರಬೇಕು. ಆದರೆ ಟೂಲ್‌ಗಳ ಪರದೆ ಬದಲಾಗುತ್ತಲೇ ಇರುತ್ತದೆ. 2008ರ ವರ್ಟ್‌ಐಒ ವಿಚಾರ ಇಂದಿಗೂ ಕ್ಲೌಡ್‌ಗಳಲ್ಲಿ ಓಡುತ್ತಿದೆ. ಬ್ಯಾಂಕ್ ಮತ್ತು ಪಾವತಿ ಆ್ಯಪ್ ಇರಲಿ, ಮೊಬೈಲ್ ಮತ್ತು ಸರ್ವರ್ ಇರಲಿ, ಇಬ್ಬರು ಅಪರಿಚಿತರ ನಡುವೆ ವ್ಯವಹಾರ ನಡೆಯುವ ಎಲ್ಲ ಕಡೆಯೂ ಈ ಮೂರು ಪಾಠ ಬೇಕು.

ಇದನ್ನು ಕಲಿಯಲು ಶುಲ್ಕ ಕಟ್ಟಬೇಕಿಲ್ಲ. ವರ್ಟ್‌ಐಒ ದಾಖಲೆಯೂ ಕ್ಯೂಎಮು ತಂತ್ರಾಂಶವೂ ಉಚಿತ. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಒಂದು ಗೆಸ್ಟ್ ಓಡಿಸಿ, ಒಮ್ಮೆ ಅನುಕರಣೆಯ ನೆಟ್‌ವರ್ಕ್ ಕಾರ್ಡ್, ಇನ್ನೊಮ್ಮೆ ವರ್ಟ್‌ಐಒ ಕೊಟ್ಟು ವೇಗ ಅಳೆದು ನೋಡಿ. ನಮ್ಮ ಲ್ಯಾಬ್‌ಗಳಲ್ಲಿ ಈ ಒಂದು ಪ್ರಯೋಗವಾದರೂ ಸೇರಲಿ. ಸಂದರ್ಶನದಲ್ಲಿ ವ್ಯಾಖ್ಯೆ ಒಪ್ಪಿಸುವವರು ನೂರು ಮಂದಿ ಸಿಗುತ್ತಾರೆ, ಕಾರಣ ಹೇಳಬಲ್ಲವರು ಕೆಲವರೇ. ಆ ಕೆಲವರಲ್ಲಿ ನಾವೂ ಇರೋಣ.